ಅಮೆರಿಕದ ‘ರಿವಾಲ್ವರ್’ನಲ್ಲಿ ಲೆನನ್ ಎಲ್ಲಿ?

ಇಂಗ್ಲೆಂಡಿನ ಬ್ಯಾಂಡ್ ಬೀಟಲ್ಸ್‌ನ ‘ರಿವಾಲ್ವರ್’ ಆಲ್ಬಮ್ಮಿನ ಹಳೆಯ ಎಲ್‌ಪಿ (ಇಡೀ ಆಲ್ಬಂ ಹಿಡಿಸುವ ದೊಡ್ಡ ರೆಕಾರ್ಡು) ಕೈಗೆ ಸಿಕ್ಕರೆ ಮೊದಲು ಹಾಡುಗಳನ್ನು ಎಣಿಸಿ. 14 ಇದ್ದರೆ ಬ್ರಿಟನ್ನಿನ ಪಟ್ಟಿ, 11 ಇದ್ದರೆ ಅಮೆರಿಕದ್ದು. ಲೇಬಲ್ ಮೇಲಿನ ನಂಬರ್ ಕೂಡ ಅದನ್ನೇ ಹೇಳುತ್ತದೆ: ಬ್ರಿಟನ್ನಿನ ಕಂಪನಿ ಪಾರ್ಲೋಫೋನಿನ ಮೋನೋ (ಒಂದೇ ಚಾನಲ್‌ನ) ಪ್ರತಿ ಪಿಎಂಸಿ 7009, ಸ್ಟೀರಿಯೋ (ಎರಡು ಚಾನಲ್‌ನ) ಪಿಸಿಎಸ್ 7009, ಅಮೆರಿಕದ ಕಂಪನಿ ಕ್ಯಾಪಿಟಲ್‌ನದು ಟಿ 2576 ಮತ್ತು ಎಸ್‌ಟಿ 2576.

ಇಂಗ್ಲೆಂಡಿನಲ್ಲಿ ಇದು ಬಂದದ್ದು 1966ರ ಆಗಸ್ಟ್ 5ರಂದು, ಅಮೆರಿಕದಲ್ಲಿ ಮೂರು ದಿನ ತಡವಾಗಿ. ಅಷ್ಟರಲ್ಲಿ ‘ಐಯಾಮ್ ಓನ್ಲಿ ಸ್ಲೀಪಿಂಗ್’, ‘ಆ್ಯಂಡ್ ಯುವರ್ ಬರ್ಡ್ ಕ್ಯಾನ್ ಸಿಂಗ್’, ‘ಡಾಕ್ಟರ್ ರಾಬರ್ಟ್’ ಮೂರೂ ಮಾಯ. ಮೂರೂ ಬ್ಯಾಂಡಿನ ಜಾನ್ ಲೆನನ್ ಹಾಡಿದವೇ. ಅಮೆರಿಕದ ಪ್ರತಿಯಲ್ಲಿ ಅವನ ಪಾಲಿಗೆ ಉಳಿದದ್ದು ‘ಶಿ ಸೆಡ್ ಶಿ ಸೆಡ್’ ಮತ್ತು ‘ಟುಮಾರೋ ನೆವರ್ ನೋಸ್’, ಅದೂ ಒಂದೊಂದು ಬದಿಯ ಕಟ್ಟಕಡೆಗೆ. ಜಾರ್ಜ್ ಹ್ಯಾರಿಸನ್‌ಗೇ ಮೂರು ಹಾಡು ಸಿಕ್ಕಿತ್ತು! ಇದನ್ನೊಂದೇ ಕೇಳಿ ಬೆಳೆದವರಿಗೆ ಇದು ಬ್ಯಾಂಡಿನ ಇನ್ನೊಬ್ಬ ಗಾಯಕ ಪಾಲ್ ಮೆಕಾರ್ಟ್ನಿಯ ಆಲ್ಬಂ ಅನ್ನಿಸಿದರೆ ತಪ್ಪು ಅವರದಲ್ಲ.

ಕತ್ತರಿ ಹಾಕಿದ್ದರ ಹಿಂದೆ ದುಡ್ಡಿನ ಲೆಕ್ಕವಿತ್ತು. ಅಮೆರಿಕದಲ್ಲಿ ಹಾಡಿನ ಹಕ್ಕುದಾರರಿಗೆ ರಾಯಲ್ಟಿ ಹಾಡೊಂದಕ್ಕೆ ಇಷ್ಟು ಎಂದು; ಬ್ರಿಟನ್ನಿನಲ್ಲಿ ರೆಕಾರ್ಡಿನ ಬೆಲೆಯಲ್ಲಿ ಇಂತಿಷ್ಟು ಪಾಲು, ಅದನ್ನೇ ಹಾಡುಗಳು ಹಂಚಿಕೊಳ್ಳಬೇಕು. ಹೀಗಾಗಿ ಕ್ಯಾಪಿಟಲ್‌ಗೆ ಹಾಡು ಕಡಿಮೆಯಾದಷ್ಟೂ ಲಾಭ. ಇಂಗ್ಲೆಂಡಿನಲ್ಲಿ ಬಿಡಿಹಾಡುಗಳಾಗಿ ಬಂದು ಆಲ್ಬಂ ಹೊರಗೇ ಉಳಿಯುತ್ತಿದ್ದ ಸಿಂಗಲ್‌ಗಳನ್ನು ಮಿಕ್ಕ ಹಾಡುಗಳ ಜೊತೆ ಸೇರಿಸಿದರೆ ಮತ್ತೊಂದು ಎಲ್‌ಪಿಯೇ ಸಿದ್ಧ. 1966ರ ಜೂನ್‌ನ ‘ಯೆಸ್ಟರ್‌ಡೇ ಆ್ಯಂಡ್ ಟುಡೇ’ ಹುಟ್ಟಿದ್ದು ಹೀಗೇ. ಮೇಲಿನ ಮೂರು ಹಾಡು ಹೋಗಿ ಕೂತದ್ದೂ ಅಲ್ಲೇ.

‘ರಿವಾಲ್ವರ್’ ಇನ್ನೂ ಮುಗಿಯುವ ಮೊದಲೇ ಅವನ್ನು ಅಮೆರಿಕಕ್ಕೆ ಕಳಿಸಿದ್ದರಿಂದ ಮಿಕ್ಸ್‌ಗಳೂ (ದನಿ, ವಾದ್ಯಗಳನ್ನು ಬೆರೆಸಿದ ಅಂತಿಮ ರೂಪ) ಬೇರೆಯಾದವು. ‘ಐಯಾಮ್ ಓನ್ಲಿ ಸ್ಲೀಪಿಂಗ್’ನ ಉಲ್ಟಾ ಗಿಟಾರನ್ನು (ಟೇಪನ್ನು ಹಿಂದುಮುಂದಾಗಿ ಓಡಿಸಿದ್ದು) ಗಮನಿಸಿ: ಎರಡೂ ದೇಶಗಳ ಮೋನೋ, ಸ್ಟೀರಿಯೋ ಸೇರಿ ನಾಲ್ಕು ಮಿಕ್ಸ್, ನಾಲ್ಕರಲ್ಲೂ ಗಿಟಾರ್ ಬಂದುಹೋಗುವ ಜಾಗ ಬೇರೆ. ‘ಯೆಸ್ಟರ್‌ಡೇ ಆ್ಯಂಡ್ ಟುಡೇ’ಯ ಮೊದಲ ಸ್ಟೀರಿಯೋ ಪ್ರತಿಗಳಲ್ಲಂತೂ ಈ ಮೂರೂ ನಿಜವಾದ ಸ್ಟೀರಿಯೋ ಅಲ್ಲ. ಮೋನೋವನ್ನೇ ಎರಡು ಚಾನಲ್‌ಗೆ ಒಡೆದು, ಒಂದರಲ್ಲಿ ಬಾಸ್, ಇನ್ನೊಂದರಲ್ಲಿ ಟ್ರೆಬಲ್ ಏರಿಸಿದ ‘ಡ್ಯುಯೊಫೋನಿಕ್’. ಹೆಡ್‌ಫೋನಿನಲ್ಲಿ ಕೇಳಿದರೆ ನಡುವೆ ಟೊಳ್ಳು.

ಆದರೆ ಕ್ಯಾಪಿಟಲ್‌ನವರು ಮುಟ್ಟಿದ್ದೆಲ್ಲ ಕೆಟ್ಟಿತು ಅನ್ನಲಾರೆ. 1965ರ ‘ರಬ್ಬರ್ ಸೋಲ್’ನಿಂದ ನಾಲ್ಕು ಹಾಡು ತೆಗೆದು, ಬ್ರಿಟನ್ನಿನ ‘ಹೆಲ್ಪ್!’ನಿಂದ ಎರಡು ತಂದು ಸೇರಿಸಿದರು. ‘ಡ್ರೈವ್ ಮೈ ಕಾರ್’ ಬದಲು ‘ಐವ್ ಜಸ್ಟ್ ಸೀನ್ ಎ ಫೇಸ್’ನಿಂದ ಶುರುವಾದರೆ ಇಡೀ ಆಲ್ಬಮ್ಮೇ ಫೋಕ್ ಕಡೆ ವಾಲುತ್ತದೆ. ಬೀಚ್ ಬಾಯ್ಸ್ ಬ್ಯಾಂಡಿನ ಬ್ರಯಾನ್ ವಿಲ್ಸನ್‌ನನ್ನು ‘ಪೆಟ್ ಸೌಂಡ್ಸ್’ ಆಲ್ಬಮ್ಮಿಗೆ ಹುರಿದುಂಬಿಸಿದ್ದು ಈ 12 ಹಾಡಿನ ಪ್ರತಿಯೇ.

ಅಮೆರಿಕದ ಈ ‘ರಬ್ಬರ್ ಸೋಲ್’ ಅನ್ನು ಪ್ಲೇಲಿಸ್ಟ್ ಮಾಡಿಕೊಳ್ಳುವುದಾದರೆ ಬ್ರಿಟನ್ನಿನ ಪಟ್ಟಿಯಿಂದ ‘ಡ್ರೈವ್ ಮೈ ಕಾರ್’, ‘ನೋವೇರ್ ಮ್ಯಾನ್’, ‘ವಾಟ್ ಗೋಸ್ ಆನ್’, ‘ಇಫ್ ಐ ನೀಡೆಡ್ ಸಮ್‌ಒನ್’ ತೆಗೆಯಿರಿ. ‘ಐವ್ ಜಸ್ಟ್ ಸೀನ್ ಎ ಫೇಸ್’ ತಲೆಗೆ, ‘ಇಟ್ಸ್ ಓನ್ಲಿ ಲವ್’ ‘ಮಿಷೆಲ್’ ಆದಮೇಲೆ. ಉಳಿದವುಗಳ ಕ್ರಮ ಹಾಗೇ ಇರಲಿ. ಒಂದು ಮಾತ್ರ ಹೀಗೆ ಮಾಡಿದರೂ ಸಿಗದು: ಅಮೆರಿಕದ ಸ್ಟೀರಿಯೋದಲ್ಲಿ ‘ಐಯಾಮ್ ಲುಕಿಂಗ್ ಥ್ರೂ ಯು’ ಶುರುವಾಗುವ ಮುಂಚೆ ಗಿಟಾರ್ ಎರಡು ಸಲ ಹೊರಟು ನಿಲ್ಲುತ್ತದೆ, ಆಮೇಲೆ ಹಾಡು.

ಈ ಎಡವಟ್ಟು ಒಂದು ಪರೀಕ್ಷೆಗೂ ಬರುತ್ತದೆ. 2006ರ ‘ದಿ ಕ್ಯಾಪಿಟಲ್ ಆಲ್ಬಮ್ಸ್’ ಎರಡನೇ ಸಿಡಿ ಬಾಕ್ಸ್‌ನ ಮೊದಲ ಕಂತಿನಲ್ಲಿ ‘ರಬ್ಬರ್ ಸೋಲ್’ನ ಮೋನೋ ಎಂದು ಹಾಕಿದ್ದು ಸ್ಟೀರಿಯೋದ ಎರಡು ಚಾನಲ್‌ಗಳನ್ನೇ ಒಂದಾಗಿ ಮಡಚಿದ ಮೋನೋ, ಆಮೇಲೆ ತಿದ್ದಿದರು. ಸೆಕೆಂಡ್‌ಹ್ಯಾಂಡ್ ಬಾಕ್ಸ್ ಕೊಳ್ಳುವವರು ಮೋನೋ ಭಾಗದ ಆ ಹಾಡನ್ನು ಹಾಕಿಸಿ ಕೇಳಲಿ. ಗಿಟಾರ್ ಮುಗ್ಗರಿಸಿದರೆ ಅದು ತಿದ್ದದ ಪ್ರತಿ.

1967ರ ‘ಸಾರ್ಜೆಂಟ್ ಪೆಪರ್’ನಿಂದಾಚೆಗೆ ಪಟ್ಟಿ ಎರಡೂ ಕಡೆ ಒಂದಾಯಿತು. ಅದೇ ವರ್ಷದ ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಮಾತ್ರ ಬ್ರಿಟನ್ನಿನಲ್ಲಿ ಆರು ಹಾಡಿನ ಜೋಡಿ ಇಪಿ (ಕೆಲವೇ ಹಾಡು ಹಿಡಿಸುವ ಚಿಕ್ಕ ರೆಕಾರ್ಡು), ಅಮೆರಿಕದಲ್ಲಿ 11 ಹಾಡಿನ ಎಲ್‌ಪಿ. 1987ರಲ್ಲಿ ಸಿಡಿಗೆ ತರುವಾಗ ಉಳಿದೆಲ್ಲಕ್ಕೂ ಬ್ರಿಟನ್ನಿನ ಪಟ್ಟಿಯನ್ನು ಎತ್ತಿಕೊಂಡವರು ಇದೊಂದಕ್ಕೆ ಅಮೆರಿಕದ್ದನ್ನೇ ಉಳಿಸಿಕೊಂಡರು.