ಟ್ಯಾಂಕಿನ ಯಜಮಾನಿ

ನಮ್ಮ ಮನೆಯ ಉಪ್ಪುನೀರಿನ ಮೀನಿನ ಟ್ಯಾಂಕಿಗೆ ಕೈ ಹಾಕಬೇಕಾದರೆ ನಾನು ಅಪ್ಪಣೆ ಕೇಳಬೇಕು. ಅದೂ ಬೆರಳುದ್ದದ ಒಂದು ಕ್ಲೌನ್ ಫಿಶ್ ಹತ್ತಿರ! ಗಾಜು ಒರೆಸಲು ಕೈ ಇಳಿಸಿದರೆ ಸಾಕು, ನುಗ್ಗಿ ಬಂದು ಕಚ್ಚುತ್ತಾಳೆ. ನೋವೇನೂ ಆಗುವುದಿಲ್ಲ, ಆದರೂ ಪ್ರತಿ ಸಲ ಬೆಚ್ಚಿ ಕೈ ಎಳೆದುಕೊಳ್ಳುತ್ತೇನೆ, ನೆಲವೆಲ್ಲ ಉಪ್ಪುನೀರು, ಆಮೇಲೆ ಮನೆಯವರ ಬೈಗುಳ ಬೇರೆ.

'ಕಚ್ಚುತ್ತಾಳೆ' ಅಂದದ್ದು ಬೇಕಂತಲೇ. ಕ್ಲೌನ್ ಫಿಶ್‌ಗಳು ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಅದರದ್ದೇ ದರ್ಬಾರು. ಅವಳು ಸತ್ತರೆ ಗಂಡನೇ ಹೆಣ್ಣಾಗಿ ಬದಲಾಗುತ್ತಾನೆ. ಸದ್ಯಕ್ಕೆ ನಮ್ಮವನು, ಪಾಪ, ಅವಳೆದುರು ಮೈ ನಡುಗಿಸಿ 'ನೀನು ಹೇಳಿದ ಹಾಗೆ' ಅನ್ನುತ್ತಿರುತ್ತಾನೆ.

ನನಗೆ ಜಾಸ್ತಿ ಇಷ್ಟ ಗೋಬಿ ಮೀನು ಮತ್ತು ಪಿಸ್ತೂಲ್ ಸೀಗಡಿಯ ಸಂಸಾರ. ಸೀಗಡಿಗೆ ಕಣ್ಣು ಅಷ್ಟಕ್ಕಷ್ಟೇ. ಅದು ದಿನವಿಡೀ ಮರಳು ತೋಡಿ ಬಿಲ ಮಾಡುತ್ತದೆ, ಗೋಬಿ ಬಾಗಿಲಲ್ಲಿ ಕೂತು ಕಾವಲು ಕಾಯುತ್ತದೆ. ಹೊರಗೆ ಬಂದಾಗ ಸೀಗಡಿ ತನ್ನ ಮೀಸೆಯನ್ನು ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಗೋಬಿ ಬಾಲ ಅಲ್ಲಾಡಿಸಿತೋ, ಅಪಾಯ ಬಂತು ಅಂತ ಅರ್ಥ, ಇಬ್ಬರೂ ಒಳಗೆ. ಒಬ್ಬರು ದುಡಿಯುವುದು, ಇನ್ನೊಬ್ಬರು ಸುಮ್ನೆ ಬಾಗಿಲಲ್ಲಿ ಕೂರುವುದು, ಎಲ್ಲೋ ನೋಡಿದ ಹಾಗಿದೆ ಅಲ್ವಾ?

ಪಾಚಿ ತಿನ್ನುವ ಬ್ಲೆನ್ನಿ ಮೀನೂ ಒಂದಿದೆ. ಕಲ್ಲಿನ ಮೇಲೆ ಮುಖ ಗಂಟುಹಾಕಿಕೊಂಡು ಕೂತು, ಎರಡು ಕಣ್ಣನ್ನು ಎರಡು ಕಡೆ ತಿರುಗಿಸುತ್ತದೆ. ಒಂದು ಕಣ್ಣು ಯಾವಾಗಲೂ ನನ್ನ ಮೇಲೆಯೇ.