ಸೀರೆ ಒಗೆದು ಬೈಸಿಕೊಂಡ ಕಥೆ

ಸೀರೆ ಒಗೆದು, ಇಸ್ತ್ರಿ ಮಾಡಿ, ನೀಟಾಗಿ ಉಟ್ಟುಕೊಂಡು ಹೋಗಿದ್ದಕ್ಕೆ ಕೆಲಸದಲ್ಲಿ ಬೈಸಿಕೊಂಡವರು ಯಾರಾದರೂ ಇದ್ದೀರಾ? ನಾನಿದ್ದೇನೆ. ಈಗ ನಗು ಬರುತ್ತದೆ. ಅವತ್ತು ಮಾತ್ರ ಸಂಜೆ ರೈಲಿನಲ್ಲಿ ಮಂಡ್ಯ ಬರುವವರೆಗೂ ಯಾರ ಹತ್ತಿರವೂ ಒಂದು ಮಾತಾಡಲಿಲ್ಲ.

ನಾನು ಮೈಸೂರಿನಲ್ಲಿ ಚಿತ್ರಕಲೆ ಕಲಿಸುವ ಒಂದು ಕಡೆ ಲೈಫ್ ಕ್ಲಾಸಿಗೆ, ಅಂದರೆ ಎದುರಿಗಿರುವ ಮನುಷ್ಯರನ್ನು ನೋಡಿ ಚಿತ್ರ ಬರೆಯುವ ಕ್ಲಾಸಿಗೆ, ಮಾಡೆಲ್ ಆಗಿ ಕೂರುತ್ತೇನೆ. ಮನೆಯಲ್ಲಿ ಹೊಲಿಗೆ ಮೆಷಿನ್ ಇದೆ. ಬ್ಲೌಸು, ಫಾಲ್ಸು, ಜಿಗ್‌ಜಾಗು, ಕುಚ್ಚು, ಇದು ವರ್ಷವಿಡೀ ನಡೆಯುವ ಕೆಲಸ. ಲೈಫ್ ಕ್ಲಾಸು ಅವರು ಕರೆದಾಗ. ವಿಷಯ ಹೇಳಿದ ತಕ್ಷಣ ಎಲ್ಲರೂ ದನಿ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ, ಅದಕ್ಕೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಇಲ್ಲ, ನಾನು ಹೋಗುವ ಕಡೆ ಸೀರೆ ಉಟ್ಟೇ ಕೂರುವುದು. ಗಂಡಸರಾದರೆ ಪಂಚೆ, ಬನಿಯನ್ನು. ವಯಸ್ಸಾದ ತಾತಂದಿರಿಗೆ ನಮಗಿಂತ ಡಿಮ್ಯಾಂಡ್ ಜಾಸ್ತಿ, ಮುಖದ ಸುಕ್ಕು ಬರೆಯುವುದು ಅಂದರೆ ಹುಡುಗರಿಗೆ ಖುಷಿ. ನಮ್ಮತ್ತೆಗೆ ಹೇಳಿದಾಗ ಅವರು, "ಸುಮ್ಕೆ ಕೂತ್ಕಂಡಿದ್ರೆ ದುಡ್ ಕೊಟ್ಟಾರಾ? ಹಂಗಾರೆ ನನ್ನೂ ಕರ್ಕೊಂಡೋಗು" ಅಂದರು. ಕರೆದುಕೊಂಡು ಹೋದರೆ ನನ್ನ ಕೆಲಸ ಹೋಗುತ್ತದೆ. ಅವರು ಅಷ್ಟು ಚೆನ್ನಾಗಿ ಕೂರುತ್ತಾರೆ.

ಸುಮ್ನೆ ಕೂರುವುದು ಅಂದರೆ ಏನು ಅಂತ ಒಂದು ಸಲ ಕೂತು ನೋಡಿದರೆ ಗೊತ್ತಾಗುತ್ತದೆ. ಬೆಳಗ್ಗೆ ಕ್ವಿಕ್ ಸ್ಕೆಚ್ ಇರುತ್ತದೆ, ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ. ಕೈ ಎತ್ತುವುದು, ಬಗ್ಗುವುದು, ತಿರುಗುವುದು ಎಲ್ಲ ಅಲ್ಲೇ ಮುಗಿಸಬೇಕು. ಯಾಕೆಂದರೆ ಎತ್ತಿದ ಕೈ ಐದು ನಿಮಿಷಕ್ಕೇ ನಡುಗಲು ಶುರು. ನಿಂತ ಪೋಸ್ ಆದರೆ ಮಂಡಿ ಬಿಗಿ ಹಿಡಿಯಬಾರದು. ಹಿಡಿದರೆ ರಕ್ತ ಕಾಲಲ್ಲೇ ನಿಂತು ತಲೆಗೆ ಹೋಗುವುದು ಕಮ್ಮಿಯಾಗುತ್ತದೆ, ಕಣ್ಣು ಕತ್ತಲೆ ಬಂದು ಬೀಳುವುದೇ. ಹೊರಗೆ ಕಾಣದ ಹಾಗೆ ಮೀನಖಂಡವನ್ನು ಬಿಗಿ ಮಾಡಿ ಬಿಡುತ್ತಾ ಇರಬೇಕು. ಹೊಸದಾಗಿ ಬರುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ನನಗೂ ಹೇಳಿರಲಿಲ್ಲ, ಒಬ್ಬ ತಾತ ಹೇಳಿಕೊಟ್ಟರು.

ಲಾಂಗ್ ಪೋಸ್ ಬೇರೆ. ಇಪ್ಪತ್ತು ನಿಮಿಷ ಕೂರುವುದು, ಐದು ನಿಮಿಷ ಬ್ರೇಕು, ಮತ್ತೆ ಇಪ್ಪತ್ತು ನಿಮಿಷ. ಒಂದೇ ಪೋಸ್ ಎರಡು ದಿನ, ಮೂರು ದಿನ ನಡೆಯುತ್ತದೆ. ಕುರ್ಚಿಯ ಕಾಲು, ನಮ್ಮ ಪಾದ ಎಲ್ಲಿತ್ತು ಅಂತ ನಾವು ಕೂರುವ ಎತ್ತರದ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾರೆ. ನೋಟಕ್ಕೆ ಗೋಡೆಯಲ್ಲಿ ಒಂದು ಗುರುತು. ನನ್ನದು ಸ್ವಿಚ್‌ಬೋರ್ಡಿನ ಒಂದು ಸ್ಕ್ರೂ. ಆ ಸ್ಕ್ರೂವನ್ನು ನಾನು ನೋಡಿದಷ್ಟು ಅದನ್ನು ಹಾಕಿದವನೂ ನೋಡಿರಲಿಕ್ಕಿಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ.

ಅದು ಮೂರು ದಿನದ ಪೋಸ್. ಸಬ್‌ಮಿಶನ್ನಿಗೆ, ಫುಲ್ ಫಿಗರು, ಚಾರ್‌ಕೋಲು, ಅಂದರೆ ಇದ್ದಿಲ ಕಡ್ಡಿಯಲ್ಲಿ ಬರೆಯುವುದು. ಕುರ್ಚಿಯಲ್ಲಿ ಸ್ವಲ್ಪ ಓರೆಯಾಗಿ ಕೂತು, ಒಂದು ಕಾಲು ಮುಂದೆ, ಬಲಗೈ ತೊಡೆ ಮೇಲೆ. ರೇಷ್ಮೆ ಜಾರುತ್ತದೆ, ಸಿಂಥೆಟಿಕ್ ಉಬ್ಬಿಕೊಳ್ಳುತ್ತದೆ, ಹಳೆಯ ಕಾಟನ್ ಸೀರೆ ಉಟ್ಟುಕೊಂಡು ಬನ್ನಿ ಅಂತ ಸರ್ ಹೇಳಿದ್ದರು. ತುಂಬ ಸಲ ಒಗೆದು ಮೆತ್ತಗಾದ ಒಂದು ಕಾಟನ್ ಸೀರೆ ನನ್ನ ಹತ್ತಿರ ಇತ್ತು, ಅದನ್ನೇ ಉಟ್ಟೆ. ಮೊದಲ ದಿನ ಚೆನ್ನಾಗಿ ಹೋಯಿತು. ಮಂಡಿಯಿಂದ ಪಾದದವರೆಗೆ ನೆರಿಗೆ ಇಳಿದ ರೀತಿ ನೋಡಿ ಸರ್, "ಆಹಾ, ಈ ಡ್ರೇಪರಿ ಬಿಡಬೇಡ್ರೋ" ಅಂತ ಹುಡುಗರಿಗೆ ಮತ್ತೆ ಮತ್ತೆ ಹೇಳಿದರು. ನನಗೂ ಒಳಗೊಳಗೆ ಹೆಮ್ಮೆ.

ಸಂಜೆ ಹೊರಡುವಾಗ ಸರ್ ಇನ್ನೊಂದು ಮಾತು ಹೇಳಿದರು, "ನಾಳೆ ಎಕ್ಸ್‌ಟರ್ನಲ್ ಒಬ್ಬರು ಬರ್ತಾರೆ, ಸ್ವಲ್ಪ ಬೇಗ ಬನ್ನಿ" ಅಂತ. ಎಕ್ಸ್‌ಟರ್ನಲ್ ಅಂದರೆ ಹೊರಗಿನಿಂದ ಬರುವ ಪರೀಕ್ಷಕರು. ಇಲ್ಲೇ ನನ್ನ ತಲೆ ಕೆಟ್ಟಿದ್ದು. ಮನೆಗೆ ಬಂದು ನೋಡಿದರೆ ಅಂಚಿಗೆಲ್ಲ ಚಾರ್‌ಕೋಲಿನ ಕಪ್ಪು, ಬೆನ್ನ ಹತ್ತಿರ ಬೆವರು. ದೊಡ್ಡವರು ಬರುವಾಗ ಈ ಗತಿಯಲ್ಲಿ ಕೂರುವುದಾ? ರಾತ್ರಿಯೇ ಒಗೆದೆ. ಒಗೆದಿದ್ದು ಸಾಲದು ಅಂತ ತೆಳ್ಳಗೆ ಗಂಜಿ ಹಾಕಿದೆ. ಫ್ಯಾನಿನ ಕೆಳಗೆ ಒಣಗಿಸಿ, ಬೆಳಗ್ಗೆ ಎದ್ದು ಇಸ್ತ್ರಿ ಹೊಡೆದೆ. ಅಷ್ಟು ವರ್ಷ ಬಟ್ಟೆ ಜೊತೆ ಬದುಕಿದವಳು ನಾನು. ಗಂಜಿ ಹಾಕಿದರೆ ಬಟ್ಟೆ ಬೀಳುವ ರೀತಿಯೇ ಬದಲಾಗುತ್ತದೆ ಅಂತ ಗಿರಾಕಿಗಳಿಗೆ ಪಾಠ ಹೇಳುವವಳು. ಅವತ್ತು ಅದು ಹೊಳೆಯಲೇ ಇಲ್ಲ. ಕೊಳೆ ಸೀರೆ ಕಂಡರೆ ಮರ್ಯಾದೆ ಹೋಗುತ್ತದೆ ಅನ್ನುವುದೊಂದೇ ತಲೆಯಲ್ಲಿ.

ಮಾರನೇ ದಿನ ಹೋಗಿ ಕುರ್ಚಿಯ ಮೇಲೆ ಕೂತೆ. ಗೀಟಿನ ಮೇಲೆ ಸರಿಯಾಗಿ ಪಾದ ಇಟ್ಟೆ, ಸ್ಕ್ರೂ ನೋಡಿದೆ. ಹುಡುಗರು ಡಾಂಕಿ ಅನ್ನುವ ಡ್ರಾಯಿಂಗ್ ಬೆಂಚಿನ ಮೇಲೆ ಕೂತು ಬೋರ್ಡು ನಿಲ್ಲಿಸಿಕೊಂಡರು. ಸಾಮಾನ್ಯವಾಗಿ ಆಗ ಪೇಪರಿನ ಮೇಲೆ ಕಡ್ಡಿ ಕೆರೆಯುವ ಸದ್ದು ಶುರುವಾಗುತ್ತದೆ. ಅವತ್ತು ಆಗಲಿಲ್ಲ. ನಾನು ತಲೆ ತಿರುಗಿಸುವ ಹಾಗಿಲ್ಲವಲ್ಲ, ಕಣ್ಣಂಚಿನಲ್ಲಿ ಕಂಡಿದ್ದು ಇಷ್ಟು: ಎಲ್ಲರೂ ನನ್ನನ್ನು ನೋಡುತ್ತಾರೆ, ಬೋರ್ಡು ನೋಡುತ್ತಾರೆ, ಮತ್ತೆ ನನ್ನನ್ನು ನೋಡುತ್ತಾರೆ. ಯಾರೋ ಒಂದು ಹುಡುಗಿ ಮೆಲ್ಲಗೆ, "ಅಕ್ಕಾ, ನಿನ್ನೆ ಮಂಡಿ ಹತ್ರ ಒಂದು ದೊಡ್ಡ ಮಡಿಕೆ ಇತ್ತಲ್ವಾ?" ಅಂದಳು. ಇನ್ನೊಬ್ಬ, "ಸೀರೆನೇ ಬೇರೆ ಕಣೋ" ಅಂದ. ಅದೇ ಸೀರೆ ಅಂತ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಸರ್ ಬಂದರು.

ಸರ್ ಸುಮಾರು ಹೊತ್ತು ಏನೂ ಹೇಳಲಿಲ್ಲ. ಒಂದು ಸುತ್ತು ಬಂದರು. ಆಮೇಲೆ, "ಒಗೆದ್ರಾ?" ಅಂತ ಕೇಳಿದರು.

ಹೂಂ ಅಂದೆ.

"ಗಂಜಿ ಬೇರೆ ಹಾಕಿದೀರಾ?"

ಹೂಂ ಅಂದೆ. ಅವರು ಹಣೆ ಮೇಲೆ ಕೈ ಇಟ್ಟುಕೊಂಡು ಕಿಟಕಿ ಹತ್ತಿರ ಹೋಗಿ ನಿಂತರು. ಮೆತ್ತಗಿದ್ದಾಗ ದುಂಡಗೆ ಇಳಿದಿದ್ದ ನೆರಿಗೆಗಳೆಲ್ಲ ಈಗ ಮೂಲೆ ಮೂಲೆಯಾಗಿ, ಚೂಪಾಗಿ ನಿಂತಿದ್ದವು. ಬೆಳಕು ಬೇರೆ ಕಡೆ ಬೀಳುತ್ತಿತ್ತು, ನೆರಳು ಬೇರೆ ಕಡೆ. ಹುಡುಗರು ಹಿಂದಿನ ದಿನವೆಲ್ಲ ಕಷ್ಟಪಟ್ಟು ಟೋನ್ ಕೊಟ್ಟಿದ್ದು ಸೀರೆಗೇ.

ಆಮೇಲೆ ನಡೆದದ್ದೇ ತಮಾಷೆ. ಹಿಂದಿನ ದಿನ ಮೊಬೈಲಿನಲ್ಲಿ ತೆಗೆದ ಫೋಟೋ ಇದೆ ಅಂತ ಒಬ್ಬ ಹೇಳಿದ, ಅದು ಅವನು ಕೂತ ಜಾಗದಿಂದ ತೆಗೆದದ್ದು. ಅದನ್ನು ನೋಡಿಕೊಂಡು ಒಂದು ಹುಡುಗಿ ಬಂದು ನೆರಿಗೆ ಸರಿಮಾಡಿದಳು. ಅವನಿಗೆ ಸರಿಯಾಯಿತು, ಎಡಗಡೆ ಕೂತವರಿಗೆ ಪೂರ್ತಿ ಕೆಟ್ಟಿತು. "ಸ್ವಲ್ಪ ಈ ಕಡೆ ಎಳಿಯೇ", "ಬೇಡ ಬೇಡ, ಅದನ್ನ ಮುಟ್ಬೇಡ, ನಂದು ಅದೊಂದೇ ಸರಿ ಇರೋದು". ಎಲ್ಲರೂ ತಮ್ಮ ತಮ್ಮ ಬೋರ್ಡಿನ ಪ್ರಕಾರ ನನ್ನ ಸೀರೆ ತಿದ್ದುವವರೇ. ಗಂಜಿ ಹಾಕಿದ ಬಟ್ಟೆ ಹೇಳಿದ ಮಾತು ಕೇಳುತ್ತದಾ? ಒತ್ತಿದ ಕಡೆ ಮತ್ತೆ ಎದ್ದು ನಿಲ್ಲುತ್ತಿತ್ತು. ಒಬ್ಬ ನೀರು ಚಿಮುಕಿಸೋಣ ಅಂದ. ಸದ್ಯ, ಸರ್ ಬೈದರು. ಬೆನ್ನ ಹಿಂದೆ ಕೂತಿದ್ದವರು ಮಾತ್ರ ಆರಾಮಾಗಿ ಬರೆಯುತ್ತಿದ್ದರು, ಅವರದು ಬರೀ ಜಡೆ ಮತ್ತು ಕುರ್ಚಿ.

ಇದೆಲ್ಲ ನಡೆಯುವಾಗ ನಾನು ಪೋಸ್ ಬಿಡಲಿಲ್ಲ. ಅದು ಹಟವೋ, ನಾಚಿಕೆಯೋ ಗೊತ್ತಿಲ್ಲ. ಅಲುಗಾಡಿದರೆ ಇನ್ನಷ್ಟು ಕೆಡುತ್ತದೆ ಅಂತ ಉಸಿರನ್ನೂ ಸಣ್ಣಗೆ ಬಿಡುತ್ತಿದ್ದೆ. ಟೈಮರ್ ಯಾರೂ ಹಾಕಿರಲಿಲ್ಲ. ಮುಂದಿಟ್ಟ ಕಾಲು ಮೊದಲು ಜೋಮು ಹಿಡಿಯಿತು, ಆಮೇಲೆ ಉರಿ, ಆಮೇಲೆ ಕಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬ್ರೇಕ್ ಕೊಡಿ ಅಂತ ಕೇಳುವ ಮುಖ ಆವತ್ತು ನನಗಿರಲಿಲ್ಲ. ಕೊನೆಗೆ ಸರ್ ಅವರೇ ನೆನಪಾಗಿ "ಬ್ರೇಕ್" ಅಂದಾಗ ಎದ್ದು ನಿಲ್ಲಲು ಹೋಗಿ, ಕುರ್ಚಿಯನ್ನು ತಬ್ಬಿಕೊಂಡು ನಿಂತೆ. ಸೀರೆಯ ಗಲಾಟೆಗಿಂತ ಇದು ದೊಡ್ಡ ತಪ್ಪು ಅಂತ ಈಗ ಅನ್ನಿಸುತ್ತದೆ. ಜೋಮು ಹಿಡಿದ ಕಾಲಿನಲ್ಲಿ ಹಲಗೆಯಿಂದ ಕೆಳಗೆ ಬಿದ್ದಿದ್ದರೆ ಆಸ್ಪತ್ರೆ ಖರ್ಚು ಯಾರು ಕೊಡುತ್ತಿದ್ದರು? ಈಗ ಟೈಮರ್ ನನ್ನ ಫೋನಿನಲ್ಲೇ ಇಟ್ಟು, ಜೋರಾಗಿ ಬಡಿದುಕೊಳ್ಳುವ ಹಾಗೆ ಮಾಡಿಕೊಂಡಿದ್ದೇನೆ. ಅದು ಬಡಿದರೆ ಎಕ್ಸ್‌ಟರ್ನಲ್ ಇದ್ದರೂ ಏಳುತ್ತೇನೆ.

ಸರ್ ಕೊನೆಗೆ ಹೇಳಿದ್ದು, ಮುಖ, ಕೈ, ಪಾದ ಹಾಗೇ ಇರಲಿ, ಸೀರೆ ಬರೆದಿದ್ದನ್ನು ಉಜ್ಜಿ ಅಳಿಸಿ ಹೊಸದಾಗಿ ಬ್ಲಾಕ್ ಮಾಡಿ, ಅಂದರೆ ದೊಡ್ಡ ಆಕಾರಗಳಿಂದ ಮತ್ತೆ ಶುರು ಮಾಡಿ ಅಂತ. ಉಜ್ಜುವಾಗ ಒಬ್ಬೊಬ್ಬರ ಮುಖ ನೋಡಬೇಕಿತ್ತು. ಒಬ್ಬ ಹುಡುಗ ಮಾತ್ರ ಉಜ್ಜಲೇ ಇಲ್ಲ. ನಿನ್ನೆಯದೇ ಚೆನ್ನಾಗಿದೆ ಅಂತ ನೆನಪಿನಿಂದ ಮುಂದುವರಿಸಿದ. ಮಧ್ಯಾಹ್ನ ಎಕ್ಸ್‌ಟರ್ನಲ್ ಬಂದರು, ಅವನ ಬೋರ್ಡಿನ ಮುಂದೆ ನಿಂತರು, ನನ್ನನ್ನು ನೋಡಿದರು, ಮಂಡಿ ಹತ್ತಿರದ ಆ ಮಡಿಕೆಯ ಮೇಲೆ ಬೆರಳಿಟ್ಟು, "ಇದು ಎಲ್ಲಿದೆ, ತೋರಿಸು" ಅಂದರು.

"ನಿನ್ನೆ ಇತ್ತು ಸಾರ್, ಅಕ್ಕ ಒಗೆದುಬಿಟ್ರು" ಅಂದ.

ಇಡೀ ಕ್ಲಾಸು ನಕ್ಕಿತು. ನಾನು ನಗುವ ಹಾಗಿರಲಿಲ್ಲ, ಪೋಸ್‌ನಲ್ಲಿದ್ದೆ. ಅವರಿಗೂ ನಗು ಬಂತು ಅಂತ ಕಾಣುತ್ತದೆ. ನನ್ನ ಸೀರೆ ಎಷ್ಟು ಬೆಳ್ಳಗಿದೆ ಅಂತ ಅವರು ನೋಡಲೇ ಇಲ್ಲ.

ಆಮೇಲೊಂದು ದಿನ ಬಿಡುವು ಮಾಡಿಕೊಂಡು ಜಗನ್ಮೋಹನ ಅರಮನೆಗೆ ಹೋದೆ. ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ರವಿವರ್ಮನದು ಅಂತ ಅರ್ಧ ಜನ ಅಂದುಕೊಂಡಿರುತ್ತಾರೆ, ಅದು. ಅದು ಎಸ್.ಎಲ್. ಹಲ್ದಂಕರ್ ಬರೆದ ಜಲವರ್ಣ. ನಿಂತವರು ಅವರ ಮಗಳು ಗೀತಾ. ನೂರು ವರ್ಷ ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಮೊದಲೂ ನೋಡಿದ್ದೆ, ಆಗೆಲ್ಲ ಬೆರಳ ಸಂದಿಯಿಂದ ಬರುವ ಬೆಳಕನ್ನು ಮಾತ್ರ ನೋಡಿದ್ದೆ. ಈ ಸಲ ಸೀರೆ ನೋಡಿದೆ. ಅಪ್ಪ ಬರೆಯುತ್ತಿರುವಾಗ ಒಂದು ನೆರಿಗೆ ಜಾರಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತಾ ನಿಂತಿದ್ದೆ. ಪಕ್ಕದವರು ಫೋಟೋಗೆ ಅಡ್ಡ ಬರ್ತಿದೀರ ಅಂತ ಸರಿಸಿದರು.

ಈಗ ಲಾಂಗ್ ಪೋಸ್ ಇದ್ದರೆ ಆ ಸೀರೆ ಮನೆಗೆ ಬರುವುದೇ ಇಲ್ಲ. ಬೆವರೋ, ಕಪ್ಪೋ, ಮುಗಿಯುವವರೆಗೆ ಅಲ್ಲೇ. ನೆರಿಗೆಗೆ ಒಳಗಿನಿಂದ ಪಿನ್ನು ಹಾಕಿ, ನೂಲಿನಲ್ಲಿ ಎರಡು ಹೊಲಿಗೆ ಓಡಿಸಿಡುತ್ತೇನೆ, ಹೊಲಿಗೆ ಗೊತ್ತಿದ್ದದ್ದು ಅದಕ್ಕಾದರೂ ಉಪಯೋಗಕ್ಕೆ ಬಂತು. ಫೋಟೋ ನಾಲ್ಕೂ ಕಡೆಯಿಂದ ತೆಗೆಸುತ್ತೇನೆ.

ಇಡಲು ಒಂದು ಬೀಗದ ಬೀರು ಕೊಡಿ ಅಂತ ಆಫೀಸಿಗೆ ಅರ್ಜಿ ಕೊಟ್ಟೆ. ಅಲ್ಲಿನ ಗುಮಾಸ್ತರು, "ಮಾಡೆಲ್‌ಗೆ ಬೀರು ಅಂತ ಖರ್ಚಿನ ಯಾವ ಹೆಡ್ಡಲ್ಲಿ ಹಾಕೋದಮ್ಮ?" ಅಂತ ಕೇಳಿದರು. ನಮ್ಮ ಕೂಲಿಯನ್ನೇ ಯಾವುದೋ ಇತರೆ ಖರ್ಚಿನಲ್ಲಿ ಹಾಕಿ, ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸೈನ್ ಮಾಡಿಸಿಕೊಂಡು, ತಿಂಗಳುಗಟ್ಟಲೆ ಬಿಟ್ಟು ಕೊಡುವ ಜನ, ಬೀರುವಿಗೆ ಎಲ್ಲಿ ಹೆಡ್ ಹುಡುಕುತ್ತಾರೆ? ಸದ್ಯಕ್ಕೆ ಪ್ಲಾಸ್ಟರ್ ಬೊಂಬೆಗಳ ಹಿಂದೆ ಒಂದು ಮೊಳೆ ಇದೆ, ಅದಕ್ಕೇ ನೇತು ಹಾಕುತ್ತೇನೆ. ಗುಡಿಸುವ ಅಮ್ಮನಿಗೂ ಹೇಳಿಟ್ಟಿದ್ದೇನೆ, ಎಷ್ಟೇ ಕೊಳೆಯಾಗಿ ಕಂಡರೂ ಅದನ್ನು ನೀರಿಗೆ ಹಾಕಬೇಡಿ ಅಂತ.