ಅಳಿವೆ ಹತ್ತಿರದ ಹಳೇ ಮನೆ: ಇಲ್ಲೀವರೆಗೆ ಆದ ಕೆಲಸ

ಮನೆ ಇರುವುದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಅಳಿವೆಗೆ ಹತ್ತಿರದ ಒಂದು ಸಣ್ಣ ಊರಲ್ಲಿ. ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮಂಗಳೂರು ಹೆಂಚಿನ ಮಾಡು (ಚಾವಣಿ), ಮುಂದೆ ಜಗಲಿ, ಹಿಂದೆ ಬಚ್ಚಲು, ಪಕ್ಕದಲ್ಲಿ ಬಾವಿ, ಸುತ್ತ ತೆಂಗು. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಡಿಸೆಂಬರಿನಲ್ಲಿ ಬಂದೆವು. ನಾನು ದಾವಣಗೆರೆಯವಳು, ನಮ್ಮನೆಯವರು ಹಾಸನದ ಕಡೆಯವರು. ಇಬ್ಬರಿಗೂ ಕಡಲೆಂದರೆ ರಜೆಯಲ್ಲಿ ನೋಡಿದ್ದಷ್ಟೇ. ಯಾಕೆ ಬಂದಿರಿ ಅಂತ ಎಲ್ಲರೂ ಕೇಳುತ್ತಾರೆ. ಅದು ಬೇರೆ ಕತೆ, ಇಲ್ಲಿ ಬರೀ ಮನೆ ಕೆಲಸದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸದಾಗಿ ಏನೇನು ಸೇರಿಸಬೇಕು ಅಂತ ನಾವು ಪಟ್ಟಿ ಮಾಡಿಕೊಂಡು ಬಂದಿದ್ದೆವು. ಆದರೆ ದುಡ್ಡು ಜಾಸ್ತಿ ಹೋಗಿದ್ದು ಕಿತ್ತುಹಾಕುವುದಕ್ಕೆ. ಈ ಮನೆ ಕಟ್ಟಿದವರಿಗೆ ಮಳೆ, ಉಪ್ಪುಗಾಳಿ ಎರಡೂ ಗೊತ್ತಿದ್ದವು. ಆಮೇಲೆ ಬಂದವರು ಅದರ ಮೇಲೆ ಸಿಮೆಂಟು, ಕಬ್ಬಿಣ, ಪ್ಲಾಸ್ಟಿಕ್ ಹಚ್ಚಿದ್ದಾರೆ.

ಜನವರಿ, ಫೆಬ್ರವರಿ: ಗೋಡೆ

ಒಳಗಿನ ಗೋಡೆಗಳ ಕೆಳಭಾಗ ಉಬ್ಬಿಕೊಂಡಿತ್ತು. ಉಗುರು ಹಾಕಿ ಎಳೆದರೆ ಪೇಂಟು ಉದ್ದಕ್ಕೆ ಸುಲಿದು ಬರುತ್ತಿತ್ತು. ಅದರ ಹಿಂದೆ ಬಿಳಿ ಪುಡಿ. ನಾಲಿಗೆಗೆ ಹಚ್ಚಿ ನೋಡಿದೆ, ಉಪ್ಪು.

ಕಾರಣ ಸರಳ. ಚಿರೆಕಲ್ಲಿನ ತುಂಬ ತೂತು. ನೆಲದ ತೇವವನ್ನು ಅದು ಮೇಲಕ್ಕೆ ಎಳೆಯುತ್ತದೆ. ಗೋಡೆ ಉಸಿರಾಡುವಂತಿದ್ದರೆ ಆ ತೇವ ಗಾಳಿಗೆ ಆರಿಹೋಗುತ್ತದೆ. ಸಿಮೆಂಟು ಬಳಿದು, ಮೇಲೆ ಪ್ಲಾಸ್ಟಿಕ್ ಪೇಂಟು ಹೊಡೆದರೆ ಆರುವ ದಾರಿ ಬಂದ್. ನೀರು ಇನ್ನಷ್ಟು ಮೇಲಕ್ಕೆ ಹತ್ತುತ್ತದೆ. ಎಲ್ಲಿ ಆರುತ್ತದೋ ಅಲ್ಲಿ ಅದರಲ್ಲಿದ್ದ ಉಪ್ಪು ಹರಳುಗಟ್ಟಿ ಗಾರೆಯನ್ನು ಹಿಂದಿನಿಂದ ತಳ್ಳುತ್ತದೆ. ಇದಕ್ಕೆ ಪೇಟೆಯಲ್ಲಿ ಸಿಗುವ ಮದ್ದೆಲ್ಲ ಇನ್ನೊಂದು ಪದರ ಬಳಿಯುವಂಥದ್ದೇ. ತೇವ ಒಳಗೇ ಇರುವಾಗ ಹೊರಗಿಂದ ಎಷ್ಟು ಬಳಿದರೇನು?

ಸಿಮೆಂಟು ಕೆತ್ತಿಸಿದೆವು. ದೂಳು ಅಂದರೆ ದೂಳು. ಅಡುಗೆ ಜಗಲಿಗೆ ಬಂತು, ಹಾಸಿಗೆಯೂ ಜಗಲಿಗೆ ಬಂತು. ಕೆತ್ತಿದ ಗೋಡೆಯನ್ನು ತಿಂಗಳ ಮೇಲೆ ಹಾಗೇ ಬಿಟ್ಟೆವು. ಮೇಲೆ ಬಂದ ಉಪ್ಪನ್ನು ಆಗಾಗ ಒಣ ಬ್ರಷ್‌ನಲ್ಲಿ ಗುಡಿಸಿ ತೆಗೆಯುವುದೇ ಕೆಲಸ. ನೀರು ಹಾಕಿ ತೊಳೆಯಬಾರದು. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಗಾರೆಗೆ ಚಿಪ್ಪಿನ ಸುಣ್ಣ. ಈ ಅಳಿವೆಯಲ್ಲಿ ಚಿಪ್ಪಿಗೆ ಬರವಿಲ್ಲ. ಮೊದಲೆಲ್ಲ ಮನೆ ಕಟ್ಟುವುದಕ್ಕೆ ಇದೇ ಸುಣ್ಣವಂತೆ. ವಯಸ್ಸಾದ ಮೇಸ್ತ್ರಿಯೊಬ್ಬರು ಒಪ್ಪಿಕೊಂಡರು. ಸುಟ್ಟ ಚಿಪ್ಪು ಚೀಲದಲ್ಲಿ ಬಂತು. ಅರ್ಧ ಕತ್ತರಿಸಿದ ಡ್ರಮ್ಮಿಗೆ ಸುರಿದು ನೀರು ಹೊಯ್ದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚಿಟಿಚಿಟಿ ಸದ್ದು ಶುರುವಾಯಿತು. ಚಿಪ್ಪುಗಳು ಒಂದೊಂದಾಗಿ ಬಿರಿದವು. ಹಬೆ ಎದ್ದಿತು, ನೀರು ಕೊತಕೊತ ಕುದಿಯಿತು. ಕೆಳಗೆ ಬೆಂಕಿಯೇ ಇಲ್ಲ! ಅಷ್ಟು ಹೊತ್ತು ಚಿಪ್ಪಿನ ಆಕಾರದಲ್ಲೇ ಇದ್ದದ್ದು ನೋಡನೋಡುತ್ತಾ ಅರಳಿ ಬೆಣ್ಣೆಯಾಯಿತು. 'ದೂರ ನಿಲ್ಲಿ ತಂಗಿ, ಕಣ್ಣಿಗೆ ಹಾರಿದ್ರೆ ಕತೆ ಮುಗೀತು' ಅಂದರು ಮೇಸ್ತ್ರಿ. ಅವರಿಗೂ ಒಂದು ಕನ್ನಡಕ ಕೊಟ್ಟೆ. ಹಾಕಿಕೊಳ್ಳಲಿಲ್ಲ.

ಸುಣ್ಣದ ಗಾರೆ ನಿಧಾನ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಅದು ಮತ್ತೆ ಕಲ್ಲಾಗಬೇಕು. ತೆಳ್ಳಗೆ ಒಂದು ಕೋಟು, ಕಾಯುವುದು, ಮತ್ತೊಂದು ಕೋಟು. ಮಳೆಗಾಲದಲ್ಲಿ ಇದು ಆಗದ ಕೆಲಸ. ಅದಕ್ಕೇ ಜನವರಿಯಲ್ಲಿ ಮೊದಲು ಗೋಡೆಗೆ ಕೈ ಹಾಕಿದ್ದು. ಬಣ್ಣದ ಬದಲು ಬರೀ ಸುಣ್ಣ ಹೊಡೆಸಿದ್ದೇವೆ. ಬೆನ್ನು ತಾಗಿಸಿದರೆ ಬಟ್ಟೆಗೆ ಅಂಟುತ್ತದೆ, ನಿಜ. ರೂಢಿಯಾಗಿದೆ.

ಮಾರ್ಚ್: ಮಾಡು

ಒಳಗಡೆ ಹೆಂಚಿನ ಕೆಳಗೆ ಪಿವಿಸಿ ಸೀಲಿಂಗ್ ಹೊಡೆದಿದ್ದರು. ಕಿತ್ತ ದಿನ ಇಲಿಯ ಗೂಡು, ಬಾವಲಿಯ ಹಿಕ್ಕೆ, ಒಡೆದ ಹೆಂಚಿನ ಚೂರು ಎಲ್ಲಾ ತಲೆ ಮೇಲೇ. ಅದರ ಮರೆಯಲ್ಲಿ ಒಂದು ಮೂಲೆಯ ಪಕಾಸು (ಮಾಡಿನ ಇಳಿಜಾರು ತೊಲೆ), ರೀಪು (ಹೆಂಚು ಕೂರುವ ಮರದ ಪಟ್ಟಿ) ಎರಡಕ್ಕೂ ಗೆದ್ದಲು ಹಿಡಿದಿತ್ತು. ಸೀಲಿಂಗ್ ಇಲ್ಲದಿದ್ದರೆ ಯಾವತ್ತೋ ಕಣ್ಣಿಗೆ ಬೀಳುತ್ತಿತ್ತು.

ಹೆಂಚಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹಳೇ ಮನೆ ತೆಗೆದುಕೊಳ್ಳುವವರಿಗೆ ಉಪಯೋಗಕ್ಕೆ ಬಂದೀತು. 'ಮಂಗಳೂರು ಹೆಂಚು' ಅಂದರೆ ಎಲ್ಲಾ ಒಂದೇ ಅಳತೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಯುದ್ದಕ್ಕೂ ಬೇರೆ ಬೇರೆ ಕಾರ್ಖಾನೆಗಳು ಎದ್ದವು. ಒಬ್ಬೊಬ್ಬರ ಅಚ್ಚಿನಲ್ಲೂ ಸಣ್ಣ ವ್ಯತ್ಯಾಸ. ಒಂದು ಹೆಂಚಿನ ಅಂಚು ಪಕ್ಕದ ಹೆಂಚಿನ ತೋಡಿನಲ್ಲಿ ಕೂರಬೇಕು, ಹಿಂದಿನ ಕೊಕ್ಕೆ ರೀಪಿಗೆ ಸಿಕ್ಕಬೇಕು. ಒಂದು ನೂಲು ಆಚೀಚೆ ಆದರೂ ಸಂದಿ ಬಿಡುತ್ತದೆ, ಗಾಳಿಮಳೆಗೆ ಅಲ್ಲಿಂದಲೇ ನೀರು ಒಳಗೆ. ಹಾಗಾಗಿ ಹೊಸ ಹೆಂಚು ತಂದು ಹಳೆಯದರ ನಡುವೆ ತೂರಿಸಲು ಬರುವುದಿಲ್ಲ. ಹೆಂಚಿನ ಬೆನ್ನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಅದನ್ನೇ ಹುಡುಕಬೇಕು. ಆರ್‌ಸಿಸಿ ಮನೆ ಕಟ್ಟಲು ಹಳೆಯದು ಕೆಡವುವವರ ಹತ್ತಿರ ಸಿಗುತ್ತದೆ.

ನಮ್ಮ ಆಚಾರ್ರು (ಬಡಗಿ) ಇದರಲ್ಲಿ ಗಟ್ಟಿ. ಚದರ ಮೀಟರಿಗೆ ಸುಮಾರು 15 ಹೆಂಚು ಅಂತ ಲೆಕ್ಕ ಹಾಕಿ, ಒಂದೇ ಕಾರ್ಖಾನೆಯ ಹಳೇ ಹೆಂಚು ಎರಡು ಕಡೆಯಿಂದ ಹೊಂದಿಸಿದರು. ಹಿಂದಿನ ಮಾಡಿಗೆ ನಮ್ಮಲ್ಲಿದ್ದ ಗಟ್ಟಿ ಹೆಂಚನ್ನೆಲ್ಲ ಒಟ್ಟು ಮಾಡಿ ಹಾಕಿದರು, ಮುಂದಿನ ಮಾಡಿಗೆ ತಂದದ್ದು. ಪ್ರತಿ ಹೆಂಚನ್ನೂ ಬೆರಳಿನ ಗಂಟಿನಿಂದ ತಟ್ಟಿ ನೋಡುತ್ತಿದ್ದರು. ಗಂಟೆಯ ದನಿ ಬಂದರೆ ಒಳ್ಳೆಯದು. ಮಂದ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ ಅಂತ. ಅಂಥದ್ದು ಹೂವಿನ ಮಡಿಯ ಅಂಚಿಗೆ ಹೋಯಿತು. ಅಡುಗೆ ಮನೆಗೆ ಎರಡು ಗಾಜಿನ ಹೆಂಚು ಹಾಕಿಸಿದೆ. ಹಗಲು ಲೈಟು ಬೇಡವಾಗಿದೆ.

ಮಾಡು ಸರಿಯಾದ ಮೇಲೆ ಮಂಗಗಳು ಬಂದವು. ಅವಕ್ಕೆ ನಾನಿನ್ನೂ ಪರಿಹಾರ ಕಂಡುಕೊಂಡಿಲ್ಲ.

ಕಬ್ಬಿಣ

ತಿಂಗಳು ಬೇಕಿಲ್ಲ, ವಾರದಲ್ಲೇ ಇಲ್ಲಿನ ಗಾಳಿ ಏನು ಅಂತ ಗೊತ್ತಾಗುತ್ತದೆ. ಕತ್ತರಿ, ಕೀಲು, ಸೈಕಲ್ ಚೈನು, ಸ್ವಿಚ್‌ಬೋರ್ಡಿನ ಸ್ಕ್ರೂ ಎಲ್ಲಕ್ಕೂ ತುಕ್ಕು. ಸ್ಟೀಲು ಅಂದರೂ ಒಂದೇ ಸ್ಟೀಲಲ್ಲ. ಪಾತ್ರೆಗೆ ಬಳಸುವ 304 ನಂಬರಿನ ಸ್ಟೀಲು ಇಲ್ಲಿ ಕಂದು ಚುಕ್ಕೆ ಬಿಡುತ್ತದೆ. 316ರಲ್ಲಿ ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ. ಬೆಲೆ ಜಾಸ್ತಿ. ಹೊರಗಿನ ಬಾಗಿಲಿಗೆ ಮಾತ್ರ ಅದು, ಉಳಿದದ್ದಕ್ಕೆ ಹಿತ್ತಾಳೆ. ಕಿಟಕಿಯ ಕಬ್ಬಿಣದ ಗ್ರಿಲ್ ತೆಗೆಸಿ ಹಳೇ ಮರದ ಸರಳುಗಳನ್ನೇ ಉಳಿಸಿಕೊಂಡೆವು. ಲ್ಯಾಪ್‌ಟಾಪಿಗೆ ಒಂದು ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ಲು. ಕೆಲಸ ಮುಗಿದ ತಕ್ಷಣ ಅದು ಡಬ್ಬಿಯೊಳಗೆ.

ಏಪ್ರಿಲ್: ಕಟ್ಟಿಗೆ, ಈರುಳ್ಳಿ, ಜಡಿ

ನನ್ನ ಪಟ್ಟಿಯಲ್ಲಿ ಏಪ್ರಿಲಿಗೆ ಬಾಗಿಲಿನ ಬಣ್ಣ ಇತ್ತು. ಪಕ್ಕದ ಮನೆಯ ಅಜ್ಜಿ ಬೇಲಿ ಆಚೆಯಿಂದ ನೋಡಿ ತಡೆಯಲಾರದೆ ಬಂದೇಬಿಟ್ಟರು.

'ಬಣ್ಣ ಯಾವಾಗ್ಲೂ ಹಚ್ಚಬಹುದು ತಂಗಿ. ಒಣ ಕಟ್ಟಿಗೆ ಜೂನಲ್ಲಿ ಎಲ್ಲಿಂದ ತರ್ತೆ?'

ಗ್ಯಾಸ್ ಇದೆಯಲ್ಲ ಅಜ್ಜಿ ಅಂದೆ. ಬಚ್ಚಲ ಹಂಡೆಗೆ ಗ್ಯಾಸ್ ಇಡ್ತೀಯಾ ಅಂತ ಕೇಳಿದರು. ಸೋಲಾರ್ ಹಾಕಿಸೋಣ ಅಂತ ನಮ್ಮನೆಯವರು. ಜುಲೈನಲ್ಲಿ ಸೂರ್ಯ ಇರುವುದಿಲ್ಲ ಅಂತ ಅಜ್ಜಿ. ಸರಿ, ಮಡ್ಲು (ತೆಂಗಿನ ಗರಿ), ಕಾಯಿ ಸಿಪ್ಪೆ, ಕರಟ ಎಲ್ಲ ಒಣಗಿಸಿ ಕೊಟ್ಟಿಗೆಯಲ್ಲಿ ಒಟ್ಟಿದೆವು. ನಮ್ಮ ಅಂಗಳದಲ್ಲಿ ಬೀಳುವುದೇ ಬೇಕಾದಷ್ಟಾಯಿತು.

ಹಸಿ ಮಡ್ಲು ನೇಯುವುದನ್ನೂ ಅಜ್ಜಿಯೇ ಕಲಿಸಿದರು. ಗರಿಯನ್ನು ನಡುವೆ ಸೀಳಿ, ಒಂದು ಎಲೆ ಬಿಟ್ಟು ಒಂದು ಎಲೆ ಹೆಣೆಯುತ್ತಾ ಹೋಗಬೇಕು. ಅದರ ತಟ್ಟಿಗಳನ್ನು ಪಡುವಣ ಗೋಡೆಗೂ ಜಗಲಿಯ ಬಾಯಿಗೂ ಕಟ್ಟುತ್ತಾರೆ, ಇದು ಜಡಿ. ಮಳೆಯ ಇರಿಚಲು ಗೋಡೆಗೆ ತಾಗುವುದಿಲ್ಲ, ಗಾಳಿ ಮಾತ್ರ ಆಡುತ್ತದೆ. ಊರಲ್ಲಿ ಸುಮಾರು ಮನೆಗಳಿಗೆ ಈಗ ನೀಲಿ ತಾಡಪತ್ರಿ. ಅವರನ್ನು ದೂರುವಂತಿಲ್ಲ. ಜಡಿ ಕಟ್ಟಲು ಆಳು ಬೇಕು, ಒಂದೇ ಮಳೆಗಾಲಕ್ಕೆ ಅದು ಮುಗಿಯುತ್ತದೆ. ನಮ್ಮ ಸುಣ್ಣದ ಗೋಡೆ ಆರಬೇಕಿತ್ತು, ಅದಕ್ಕೇ ಜಡಿ. ಬಚ್ಚಲ ಹಿಂದೆ ನಾವೂ ತಾಡಪತ್ರಿಯೇ.

ಇದೇ ಹೊತ್ತಿಗೆ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಯಲ್ಲಿ ಕುಮಟಾದ ಸಿಹಿ ಈರುಳ್ಳಿ ಬರುತ್ತದೆ. ಸೊಪ್ಪಿನ ಸಮೇತ ಜಡೆ ಹೆಣೆದ ಗೊಂಚಲು. ಸೀಲಿಂಗ್ ಕಿತ್ತ ಮೇಲೆ ಪಕಾಸು ಖಾಲಿ ಇತ್ತಲ್ಲ, ಅಲ್ಲಿಗೆ ತೂಗುಹಾಕಿದೆವು. ಗಾಳಿಯಾಡಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಮೇ: ಬಾವಿ

ಜನವರಿಯಲ್ಲಿ ಬಾವಿ ನೀರು ಚೆನ್ನಾಗಿತ್ತು. ಮೇ ನಡುವಿನಲ್ಲಿ ಚಹಾ ಒಡೆದಂತೆ ರುಚಿಗೆಟ್ಟಿತು. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ಇಟ್ಟರೆ 900ರ ಮೇಲೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 2,000ದ ತನಕ.

ಇಲ್ಲಿ ನೆಲದೊಳಗೆ ಏನಾಗುತ್ತದೆ ಅಂದರೆ, ಮಳೆಯ ಸಿಹಿನೀರು ಹಗುರ, ಸಮುದ್ರದ ನೀರು ಭಾರ. ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಲೆಕ್ಕದಲ್ಲಿ ಹೇಳುವುದಾದರೆ, ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ. ಕೇಳಲು ಚೆಂದ. ತಿರುಗಿಸಿ ನೋಡಿ: ಮೇಲೆ 1 ಅಡಿ ಇಳಿದರೆ ಕೆಳಗಿನಿಂದ ಉಪ್ಪು 40 ಅಡಿ ಏರಬಹುದು. ಜೋರಾಗಿ ಪಂಪು ಹೊಡೆದರೆ ಬಾವಿಯ ಕೆಳಗೇ ಉಪ್ಪುನೀರು ಗೋಪುರವಾಗಿ ಎದ್ದು ಬರುತ್ತದೆ.

ನಮ್ಮ ಬಾವಿ ಆಳವಿಲ್ಲ. ಬೇಕೆಂದೇ ಆಳ ಮಾಡಿಲ್ಲ. ಕೊಡಪಾನದಲ್ಲಿ ಸೇದುವಷ್ಟಕ್ಕೆ ಅದು ಸರಿಯಾಗಿತ್ತು. ಮೊದಲಿದ್ದವರು ಅದಕ್ಕೆ ದೊಡ್ಡ ಪಂಪು ಇಳಿಸಿದ್ದರು. ಅದನ್ನು ತೆಗೆದು ಅರ್ಧ ಎಚ್‌ಪಿಯದು ಹಾಕಿದೆವು, ಜೊತೆಗೆ ಟೈಮರು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಬೋರು ಹೊಡೆಸಿ ಅಂತ ಸಲಹೆ ಕೊಟ್ಟವರೂ ಇದ್ದಾರೆ. ಕಡಲ ಪಕ್ಕದಲ್ಲಿ ಆಳಕ್ಕೆ ಹೋದಷ್ಟೂ ಸಿಗುವುದು ಕಡಲೇ.

ಜೂನಿನಿಂದ ಆಗಸ್ಟ್

ಮಳೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ. ದಾವಣಗೆರೆಯಲ್ಲಿ ಬೆಳೆದವಳಿಗೆ ಅದು ಮಳೆ ಅನ್ನಿಸಲಿಲ್ಲ, ಬೇರೇನೋ ಅನ್ನಿಸಿತು. ಹೊಸ ಮಾಡು ಎರಡು ಕಡೆ ಸೋರಿತು. ಆಚಾರ್ರು ಕೊಡೆ ಹಿಡಿದು ಬಂದು, ಒಳಗಿನಿಂದಲೇ ಕೋಲಿನಲ್ಲಿ ಹೆಂಚು ನೂಕಿ ಸರಿಮಾಡಿ ಹೋದರು. ಮಳೆಯಲ್ಲಿ ಮಾಡು ಹತ್ತುವಂತಿಲ್ಲ. ಹಸಿರು ಪಾಚಿ ಜಾರುತ್ತದೆ. ಗೋಡೆ ಎರಡು ಕಡೆ ಕಪ್ಪಾಯಿತು, ಆದರೆ ಉಬ್ಬಲಿಲ್ಲ. ಕರೆಂಟಿನ ಬಗ್ಗೆ ಏನೂ ಬರೆಯುವುದಿಲ್ಲ.

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ರಜೆ. ಮೀನು ಮೊಟ್ಟೆ ಇಡುವ ಕಾಲ. ಸಣ್ಣ ಮೋಟರಿನ ನಾಡದೋಣಿಗಳು ಕಡಲು ಶಾಂತವಿದ್ದರೆ ಹೋಗುತ್ತವೆ. ಮೀನು ತರುವ ಅಕ್ಕನ ಬುಟ್ಟಿಯಲ್ಲಿ ಬಂಗುಡೆ ಹೋಗಿ ಹೊಳೆಯ ಬಳಚು (ಚಿಪ್ಪು ಮೀನು) ಬಂತು. ಬಳಚನ್ನು ಒಂದು ರಾತ್ರಿ ನೀರಲ್ಲಿ ಬಿಟ್ಟರೆ ಮರಳು ಕಾರುತ್ತದೆ, ಅದನ್ನೂ ಅಕ್ಕನೇ ಹೇಳಿದ್ದು. ಮೊದಮೊದಲು ನಮ್ಮನ್ನು 'ಬೆಂಗಳೂರವರು' ಅಂತ ಕರೆದು ರೇಟು ಒಂದು ತೂಕ ಜಾಸ್ತಿ ಹೇಳುತ್ತಿದ್ದರು. ಈಗ ಚೌಕಾಸಿ ಮಾಡಿದರೆ ಅಡ್ಡಿಲ್ಲ ಅಂತಾರೆ.

ನೂಲಹುಣ್ಣಿಮೆಗೆ ಕಡಲಪೂಜೆ. ಹಾಲು, ತೆಂಗಿನಕಾಯಿ ಹಿಡಿದು ಊರೆಲ್ಲ ದಂಡೆಯಲ್ಲಿತ್ತು. ನಮ್ಮ ತೆಂಗಿನ ಕಾಯಿ ನಾಲ್ಕು ತೆಗೆದುಕೊಂಡು ಹೋಗಿದ್ದೆ. ಒಂದನ್ನು ಕಡಲಿಗೆ ಎಸೆಯಲು ಕೊಟ್ಟರು, ಮೂರನ್ನು ದೇವಸ್ಥಾನದ ಅಡುಗೆಗೆ ತೆಗೆದಿಟ್ಟರು.

ಸೆಪ್ಟೆಂಬರ್: ಈಗ

ಜಡಿ ಬಿಚ್ಚಿದ್ದೇವೆ. ಪಡುವಣ ಗೋಡೆ ಒಣಗಿದೆ. ಬಸಳೆ ಚಪ್ಪರ ಎದ್ದಿದೆ. ಮರಳಿನಲ್ಲಿ ಬರೀ ಗೊಬ್ಬರ ಹಾಕಿದರೆ ಇಳಿದುಹೋಗುತ್ತದೆ. ಗುಂಡಿಯ ತಳಕ್ಕೆ ಕಾಯಿ ಸಿಪ್ಪೆ ಅಂಗಾತ ಹಾಕಿ, ಮೇಲೆ ಸೆಗಣಿ ಗೊಬ್ಬರ ಹಾಕಿದ ಮೇಲೆ ಹಿಡಿದುಕೊಂಡಿತು. ಟೊಮೆಟೊ ಕೈಬಿಟ್ಟೆ. ಕೆಂಪು ಹರಿವೆ ಬೇಕಾದಷ್ಟು.

ಮುಂದಿನದು ನೀರಿನದೇ. ನಮ್ಮ ಮಾಡು ಹೆಚ್ಚುಕಡಿಮೆ 100 ಚದರ ಮೀಟರು. ಅದರ ಮೇಲೆ ವರ್ಷಕ್ಕೆ 3 ಲಕ್ಷ ಲೀಟರಿನ ಮೇಲೆ ಬೀಳುತ್ತದೆ. ಇಂಗುಗುಂಡಿ ತೋಡೋಣ ಅಂತ ನಮ್ಮನೆಯವರ ಆಸೆ. ನನಗೆ ಅಷ್ಟು ನಂಬಿಕೆ ಇಲ್ಲ. ಜುಲೈನಲ್ಲಿ ಬಾವಿಯೇ ಬಾಯಿಮಟ್ಟ ತುಂಬಿರುತ್ತದೆ. ಆಗ ಇಂಗಿಸಿದ್ದು ಮೇ ತಿಂಗಳ ತನಕ ಈ ಮರಳಿನಲ್ಲಿ ನಿಲ್ಲುವುದಿಲ್ಲ, ಕಡಲಿಗೆ ಹೋಗುತ್ತದೆ. ನಮಗೆ ಕಷ್ಟವಿರುವುದು ಏಪ್ರಿಲ್, ಮೇನಲ್ಲಿ, ಅದೂ ಕುಡಿಯಲು ಮತ್ತು ಅಡುಗೆಗೆ. ಇಬ್ಬರಿಗೆ ದಿನಕ್ಕೆ 20 ಲೀಟರು ಹಿಡಿದರೂ ಎರಡು ತಿಂಗಳಿಗೆ 1,200 ಲೀಟರು. 2,000 ಲೀಟರಿನ ಟ್ಯಾಂಕು ಸಾಕು. ದಂಬೆಯಿಂದ (ಮಾಡಿನ ಅಂಚಿನ ನೀರಿನ ದೋಣಿಯಿಂದ) ಬರುವ ಮೊದಲ ನೀರನ್ನು ಹೊರಗೆ ಬಿಟ್ಟು, ಸೋಸಿ, ಬೆಳಕು ತಾಗದ ಹಾಗೆ ಮುಚ್ಚಿಡಬೇಕು. ಬೆಳಕು ಬಿದ್ದರೆ ಪಾಚಿ.

ಟ್ಯಾಂಕು ಬಂದು ಅಂಗಳದಲ್ಲಿ ಕೂತಿದೆ. ಎಲ್ಲಿಡುವುದು ಅಂತ ಮಾತ್ರ ತೀರ್ಮಾನವಾಗಿಲ್ಲ. ನಾನು ತೋರಿಸಿದ ಜಾಗದ ನೇರ ಮೇಲೆ ತೆಂಗಿನ ಗೊನೆ ಇದೆ ಅಂತ ಅಜ್ಜಿಯ ತಕರಾರು. ಮೇಸ್ತ್ರಿ ಸೋಮವಾರ ಬಂದು ಬಚ್ಚಲ ಪಕ್ಕದ ಜಾಗ ಅಳೆಯುತ್ತಾರೆ. ಹಿಂಗಾರು ಸುರಿಯುವಷ್ಟರಲ್ಲಿ ಕಟ್ಟೆ ಕಟ್ಟಿ ಪೈಪು ಜೋಡಿಸಬೇಕು.